ಪೊಲೀಸರ ಮೇಲೆ ಕೊಟ್ಟ ದೂರಿಗೆ ‘ಆರೋಪ ಸಾಬೀತಾಗಿಲ್ಲ’ ಎಂದು ಹಿಂಬರಹ ಬಂದಿದೆ, ಮೇಲ್ಮನವಿ ಎಲ್ಲಿಗೆ?

ನಿಮ್ಮ ಅಣ್ಣನನ್ನು ಠಾಣೆಯಲ್ಲಿ ಹೊಡೆದದ್ದಕ್ಕೆ ಎಸ್ಪಿ ಕಚೇರಿಗೆ ದೂರು ಕೊಟ್ಟಿರಿ, ಮೂರು ಸಾಲಿನ ಹಿಂಬರಹ (ಲಿಖಿತ ಉತ್ತರ) ಕೊಟ್ಟು ಕಡತ ಮುಗಿಸಿದರು, ಮುಂದೇನು ಎಂದು ಕೇಳಿದ್ದೀರಿ. ನಾನು ವಕೀಲನಲ್ಲ. ಆದರೆ ಇಂಥದ್ದೇ ಕಾಗದ ನಮ್ಮ ಮನೆಗೂ ಬಂದಿತ್ತು. ಪಂಪ್‌ಸೆಟ್ ಕಳವಾಗಿದೆ ಎಂದು ಹೇಳಲು ಹೋದ ನಮ್ಮಪ್ಪನ ಕೆನ್ನೆಗೆ ಠಾಣೆಯೊಳಗೆ ಹೊಡೆದಿದ್ದರು. ಆಗ ಅವರಿಗೆ ಅರವತ್ತೆರಡು ವರ್ಷ.

ನಾನು ಮೊದಲು ಮಾಡಿದ ತಪ್ಪನ್ನು ನೀವು ಮಾಡಬೇಡಿ. ಸಿಟ್ಟಿನಲ್ಲಿ ಅದೇ ದೂರನ್ನು ಐಜಿಪಿಗೆ, ಗೃಹ ಮಂತ್ರಿಗೆ, ಮುಖ್ಯಮಂತ್ರಿಗೆ ಕಳಿಸಿದೆ. ಎಲ್ಲವೂ ‘ಸೂಕ್ತ ಕ್ರಮಕ್ಕಾಗಿ’ ಎಂಬ ಮೊಹರು ಹೊತ್ತು, ನಮ್ಮ ದೂರನ್ನು ಮೊದಲು ವಿಚಾರಿಸಿದ್ದ ಅದೇ ಡಿವೈಎಸ್ಪಿ (ಉಪವಿಭಾಗದ ಪೊಲೀಸ್ ಅಧಿಕಾರಿ) ಮೇಜಿಗೆ ಬಂದವು. ಅವರು ಹಳೆಯ ಹಿಂಬರಹವನ್ನೇ ಮತ್ತೆ ಕೊಟ್ಟರು. ಏಳು ತಿಂಗಳು ಹೋಯಿತು.

ಮೇಲ್ಮನವಿಯಲ್ಲಿ ಅಣ್ಣನಿಗೆ ಏನಾಯಿತು ಎಂಬುದನ್ನು ಅರ್ಧ ಪುಟದಲ್ಲಿ ಮುಗಿಸಿ. ಉಳಿದದ್ದೆಲ್ಲ ವಿಚಾರಣೆ ಹೇಗೆ ನಡೆಯಿತು ಎಂಬುದರ ಮೇಲೆ ಇರಲಿ. ಅದಕ್ಕೆ ವಿಚಾರಣಾ ವರದಿ ಕೈಯಲ್ಲಿರಬೇಕು. ಹತ್ತು ರೂಪಾಯಿ ಕಟ್ಟಿ ಆರ್‌ಟಿಐ (ಮಾಹಿತಿ ಹಕ್ಕು ಕಾಯ್ದೆಯಡಿ ಅರ್ಜಿ) ಹಾಕಿ: ವರದಿಯ ಪ್ರತಿ, ದಾಖಲಿಸಿದ ಹೇಳಿಕೆಗಳು, ಆ ದಿನದ ಠಾಣಾ ದಿನಚರಿ, ಕಡತದ ಟಿಪ್ಪಣಿ ಹಾಳೆಗಳು. ತನಿಖೆಗೆ ಅಡ್ಡಿಯಾಗುತ್ತದೆ ಎಂದು ಆ ಕಾಯ್ದೆಯ ಕಲಂ 8(1)(ಎಚ್) ತೋರಿಸಿ ನಿರಾಕರಿಸಬಹುದು. ಕಡತ ಮುಗಿದಿದೆ ಎಂದು ನೀವೇ ಹಿಂಬರಹ ಕೊಟ್ಟಿದ್ದೀರಲ್ಲ, ಇನ್ನು ಯಾವ ತನಿಖೆಗೆ ಅಡ್ಡಿ ಎಂದು ಕೇಳಿ. 30 ದಿನದಲ್ಲಿ ಉತ್ತರ ಬರದಿದ್ದರೆ ಅಥವಾ ನಿರಾಕರಿಸಿದರೆ 30 ದಿನದೊಳಗೆ ಆರ್‌ಟಿಐನ ಮೊದಲ ಮೇಲ್ಮನವಿ, ಅಲ್ಲೂ ಆಗದಿದ್ದರೆ 90 ದಿನದೊಳಗೆ ಮಾಹಿತಿ ಆಯೋಗ.

ನಮಗೆ ವರದಿ ಸಿಕ್ಕಾಗ ನೋಡಿದರೆ ಅದರಲ್ಲಿ ಇಬ್ಬರು ಕಾನ್‌ಸ್ಟೇಬಲ್‌ಗಳ ಹೇಳಿಕೆ ಇತ್ತು. ಎರಡೂ ಅಕ್ಷರಶಃ ಒಂದೇ, ಕಾಗುಣಿತದ ತಪ್ಪುಗಳೂ ಸೇರಿ. ಅಪ್ಪನ ಹೇಳಿಕೆಯನ್ನೇ ಪಡೆದಿರಲಿಲ್ಲ. ಆಸ್ಪತ್ರೆಯ ಎಂಎಲ್‌ಸಿ (ಗಾಯದ ವೈದ್ಯಕೀಯ-ಕಾನೂನು ದಾಖಲೆ) ಬಗ್ಗೆ ಒಂದು ಪದವಿಲ್ಲ. ಸಿಸಿಟಿವಿ ನೋಡಿದ ಉಲ್ಲೇಖವೂ ಇಲ್ಲ. ಅಪ್ಪನ ಪರ ಏನೂ ಹೇಳಬೇಕಾಗಿರಲಿಲ್ಲ, ಆ ನಾಲ್ಕು ಹಾಳೆಗಳನ್ನು ಲಗತ್ತಿಸಿದರೆ ಸಾಕಾಗಿತ್ತು.

ಸಿಸಿಟಿವಿ ವಿಷಯ ಒತ್ತಿ ಹೇಳುತ್ತೇನೆ. ಪರಮ್‌ವೀರ್ ಸಿಂಗ್ ಸೈನಿ ಪ್ರಕರಣದಲ್ಲಿ 2020ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಪ್ರತಿ ಠಾಣೆಯಲ್ಲೂ ಕ್ಯಾಮೆರಾ ಇರಬೇಕು, ದೃಶ್ಯಗಳನ್ನು 18 ತಿಂಗಳು, ಅದು ಸಾಧ್ಯವಾಗದ ಕಡೆ ಕನಿಷ್ಠ ಒಂದು ವರ್ಷ ಇಡಬೇಕು ಎಂದಿದೆ. ದೃಶ್ಯ ಅಳಿಸದೆ ಕಾದಿಡಿ ಎಂದು ದಿನಾಂಕ, ಗಂಟೆ ನಮೂದಿಸಿ ಪತ್ರ ಕೊಟ್ಟು ಸ್ವೀಕೃತಿ ಪಡೆಯಿರಿ. ನಾವು ಆ ಪತ್ರ ಕೊಡುವಷ್ಟರಲ್ಲಿ ತಡವಾಗಿತ್ತು. ಇವತ್ತಿಗೂ ನನಗೆ ಹೊಟ್ಟೆ ಉರಿಯುವುದು ಅದಕ್ಕೇ.

ಇನ್ನು ಎಲ್ಲಿಗೆ ಎಂಬ ಪ್ರಶ್ನೆ. 2006ರ ಪ್ರಕಾಶ್ ಸಿಂಗ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಪೊಲೀಸ್ ದೂರು ಪ್ರಾಧಿಕಾರಗಳನ್ನು ರಚಿಸಲು ಹೇಳಿತು. ಎಸ್ಪಿ ಮತ್ತು ಮೇಲಿನವರ ಮೇಲಿನ ದೂರು ರಾಜ್ಯ ಪ್ರಾಧಿಕಾರಕ್ಕೆ, ಡಿವೈಎಸ್ಪಿ ಮತ್ತು ಕೆಳಗಿನವರದ್ದು ಜಿಲ್ಲಾ ಪ್ರಾಧಿಕಾರಕ್ಕೆ. ಕರ್ನಾಟಕ 2012ರಲ್ಲಿ ಪೊಲೀಸ್ ಕಾಯ್ದೆ ತಿದ್ದಿ ಇವನ್ನು ಸೇರಿಸಿತು. ನಿಮ್ಮದು ಸಬ್ ಇನ್‌ಸ್ಪೆಕ್ಟರ್ ಮೇಲಿನ ದೂರು, ಹಾಗಾಗಿ ಜಿಲ್ಲೆಗೆ ಹೋಗಬೇಕು. ನಾವು ಅಲ್ಲಿಗೇ ಹೋದೆವು. ಬೇರೆ ಉಪವಿಭಾಗದ ಅಧಿಕಾರಿಯಿಂದ ಮರುವಿಚಾರಣೆ ಆಯಿತು, ಅಪ್ಪನನ್ನು ಕೂರಿಸಿ ಎರಡು ಗಂಟೆ ಹೇಳಿಕೆ ಬರೆದುಕೊಂಡರು, ಕೊನೆಗೆ ಇಲಾಖಾ ವಿಚಾರಣೆ ಶುರುವಾಯಿತು. ರಾಜ್ಯ ಮಾನವ ಹಕ್ಕುಗಳ ಆಯೋಗದ ದಾರಿಯೂ ಇದೆ, ಆದರೆ ಘಟನೆಯಾಗಿ ಒಂದು ವರ್ಷದೊಳಗೆ ಹೋಗಬೇಕು. ಅಲ್ಲಿ ಬಾಕಿ ಇರುವಾಗ ರಾಷ್ಟ್ರೀಯ ಆಯೋಗ ಅದೇ ವಿಷಯ ಕೈಗೆತ್ತಿಕೊಳ್ಳುವುದಿಲ್ಲ.

ಆದರೆ ಇವ್ಯಾವುವೂ ಕ್ರಿಮಿನಲ್ ಕೇಸಿಗೆ ಬದಲಿಯಲ್ಲ. ಅಣ್ಣನಿಗೆ ಗಾಯವಾಗಿದ್ದರೆ ಅದು ಅಪರಾಧ, ಅದಕ್ಕೆ ಎಫ್‌ಐಆರ್ ಬೇಕು. ಲಲಿತಾ ಕುಮಾರಿ ತೀರ್ಪು (2013) ಬಂದ ಮೇಲೆ ಸಂಜ್ಞೇಯ ಅಪರಾಧದ (ವಾರಂಟ್ ಇಲ್ಲದೆ ಪೊಲೀಸರು ಬಂಧಿಸಬಹುದಾದ ಅಪರಾಧ) ಮಾಹಿತಿಗೆ ಎಫ್‌ಐಆರ್ ಕಡ್ಡಾಯ. ಠಾಣೆಯವರು ದಾಖಲಿಸದಿದ್ದರೆ ಬಿಎನ್‌ಎಸ್‌ಎಸ್ (ಸಿಆರ್‌ಪಿಸಿ ಬದಲಿಗೆ ಬಂದ ಕಾನೂನು) 173(4)ರಡಿ ಎಸ್ಪಿಗೆ ಅಂಚೆಯಲ್ಲಿ ಲಿಖಿತ ದೂರು, ಆಮೇಲೂ ಆಗದಿದ್ದರೆ ಪ್ರಮಾಣಪತ್ರದೊಂದಿಗೆ 175(3)ರಡಿ ಮ್ಯಾಜಿಸ್ಟ್ರೇಟರಿಗೆ ಅರ್ಜಿ. ಎಫ್‌ಐಆರ್ ಆಗಿ ಪೊಲೀಸರು ‘ಬಿ ರಿಪೋರ್ಟ್’ (ಕೇಸು ಮುಕ್ತಾಯದ ವರದಿ) ಹಾಕಿದರೆ ಕೋರ್ಟ್ ನಿಮಗೆ ನೋಟಿಸ್ ಕೊಡಲೇಬೇಕು, ಆಗ ತಕರಾರು ಅರ್ಜಿ ಹಾಕಿ. ಈ ಹಂತಕ್ಕೆ ವಕೀಲರು ಬೇಕೇ ಬೇಕು. ಕೆಲಸದ ನೆಪದಲ್ಲಿ ಪೊಲೀಸರು ಮಾಡಿದ ಕೃತ್ಯಕ್ಕೆ ನಮ್ಮ ರಾಜ್ಯದಲ್ಲಿ ಪೊಲೀಸ್ ಕಾಯ್ದೆಯ 170ನೇ ಕಲಂ ಪ್ರಕಾರ ಸರ್ಕಾರದ ಪೂರ್ವಾನುಮತಿ ಕೇಳುತ್ತಾರೆ. ಕರ್ತವ್ಯಕ್ಕೆ ಸಂಬಂಧವಿರುವ ಕೃತ್ಯ ಮಿತಿಮೀರಿದ್ದರೂ ಆ ರಕ್ಷಣೆ ಅನ್ವಯಿಸುತ್ತದೆ ಎಂದು 2020ರಲ್ಲಿ ಡಿ. ದೇವರಾಜ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಬಹಳ ಕೇಸುಗಳು ಇಲ್ಲೇ ಮುಗ್ಗರಿಸುತ್ತವೆ. ಅಣ್ಣನನ್ನು ಯಾವ ಕೇಸಿನ ಮೇಲೆ ಕರೆಸಿದ್ದರು, ನೋಟಿಸ್ ಕೊಟ್ಟಿದ್ದರೇ ಎಂಬುದನ್ನು ಮೊದಲೇ ವಕೀಲರಿಗೆ ತಿಳಿಸಿ. ಯಾವ ಕೇಸೂ ಇಲ್ಲದೆ ಕರೆದೊಯ್ದಿದ್ದರೆ ನಿಮ್ಮ ವಾದಕ್ಕೆ ಬಲ ಬರುತ್ತದೆ.

ಘಟನೆ ಯಾವ ತಿಂಗಳದ್ದು ಎಂದು ನೀವು ಬರೆದಿಲ್ಲ. ವರ್ಷ ಹತ್ತಿರವಾಗಿದ್ದರೆ ವರದಿಗಾಗಿ ಕಾಯಬೇಡಿ. ಸಿಸಿಟಿವಿ ಪತ್ರ ಮತ್ತು ಮಾನವ ಹಕ್ಕುಗಳ ಆಯೋಗಕ್ಕೆ ದೂರು, ಎರಡನ್ನೂ ಈ ವಾರವೇ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ, ರಸೀದಿ ಜೋಪಾನ ಮಾಡಿ.