ಕಡಲಡಿಯ ಕಲ್ಲು, ಹೆಂಚು, ಕಬ್ಬಿಣ: ಓದುಗರ ಪ್ರಶ್ನೆಗಳಿಗೆ ಉತ್ತರ

ಸಮುದ್ರದಡಿಯ ಪುರಾತತ್ತ್ವ ಸಂಶೋಧನೆಯನ್ನು ಕುರಿತು ಬಂದ ಪತ್ರಗಳಿಂದ ಐದು ಪ್ರಶ್ನೆಗಳನ್ನು ಈ ಸಂಚಿಕೆಗೆ ಆರಿಸಿಕೊಂಡಿದ್ದೇನೆ. ಹೆಚ್ಚಿನವರು ಕೇಳಿರುವುದು ದ್ವಾರಕೆಯ ಬಗ್ಗೆಯೇ ಆದ್ದರಿಂದ ಅಲ್ಲಿಂದಲೇ ಆರಂಭಿಸುತ್ತೇನೆ.

ಪ್ರಶ್ನೆ: ದ್ವಾರಕೆ ಸಮುದ್ರದಲ್ಲಿ ಸಿಕ್ಕಿದೆ ಎಂದು ಕೆಲವರು, ಸಿಕ್ಕಿಲ್ಲ ಎಂದು ಕೆಲವರು ಅಷ್ಟೇ ಖಚಿತವಾಗಿ ಹೇಳುತ್ತಾರೆ. ಅಲ್ಲಿ ಕೆಲಸ ಮಾಡಿದ ಎಸ್. ಆರ್. ರಾವ್ ಕನ್ನಡಿಗರೆಂದು ಕೇಳಿ ಕುತೂಹಲ ಹೆಚ್ಚಿತು. ನಿಜವಾಗಿ ಅಲ್ಲಿ ದೊರೆತದ್ದೇನು? (ಓದುಗರು, ಶಿವಮೊಗ್ಗ)

ಶಿಕಾರಿಪುರ ರಂಗನಾಥ ರಾವ್ (1922–2013) ಅವರು ಕನ್ನಡಿಗರು ಎಂಬುದು ನಿಜ. ಗುಜರಾತಿನ ಲೋಥಲ್‌ನಲ್ಲಿ ಹರಪ್ಪ ಸಂಸ್ಕೃತಿಯ ಪಟ್ಟಣವನ್ನು ಉತ್ಖನನ ಮಾಡಿದ ಅವರು, ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯಿಂದ ನಿವೃತ್ತರಾದ ಮೇಲೆ 1981ರಲ್ಲಿ ಗೋವಾದ ರಾಷ್ಟ್ರೀಯ ಸಮುದ್ರ ವಿಜ್ಞಾನ ಸಂಸ್ಥೆಯಲ್ಲಿ ಕಡಲ ಪುರಾತತ್ತ್ವ ಕೇಂದ್ರವನ್ನು ಕಟ್ಟಿ ಬೆಳೆಸಿದರು. ನಮ್ಮ ದೇಶದಲ್ಲಿ ಈ ವಿದ್ಯೆ ಒಂದು ಶಿಸ್ತಾಗಿ ನೆಲೆಗೊಂಡದ್ದು ಅವರಿಂದ. ಅವರ ಕೆಲವು ತೀರ್ಮಾನಗಳನ್ನು ಒಪ್ಪದವರು ಕೂಡ ಈ ಋಣವನ್ನು ಮರೆಯಬಾರದು ಎಂಬುದು ನನ್ನ ದೃಢವಾದ ಅಭಿಪ್ರಾಯ.

ದ್ವಾರಕೆಯ ಕಡಲಿನಲ್ಲಿ 1983ರಿಂದ ನಡೆದ ಶೋಧದಲ್ಲಿ ಸುಮಾರು ಮೂರರಿಂದ ಹತ್ತು ಮೀಟರ್ ಆಳದಲ್ಲಿ ಕೆತ್ತಿದ ಕಲ್ಲಿನ ದಿಮ್ಮಿಗಳು, ಅರ್ಧವೃತ್ತಾಕಾರದ ಕಟ್ಟಡದ ಭಾಗಗಳು ಮತ್ತು ತೂತು ಕೊರೆದ ಕಲ್ಲಿನ ಲಂಗರುಗಳು ದೊರೆತವು. ಅಲ್ಲಿಂದ ಸ್ವಲ್ಪ ಉತ್ತರಕ್ಕಿರುವ ಬೇಟ್ ದ್ವಾರಕೆ ದ್ವೀಪದಲ್ಲಿ ಮೂರು ತಲೆಯ ಪ್ರಾಣಿಯ ಚಿತ್ರವಿರುವ ಶಂಖದ ಮುದ್ರೆಯೊಂದು ಸಿಕ್ಕಿತು. ಅಲ್ಲಿಯ ಮಡಕೆ ಚೂರುಗಳನ್ನು ಪರೀಕ್ಷಿಸಿದಾಗ ಅವು ಸುಮಾರು 3,500 ವರ್ಷಗಳಷ್ಟು ಹಳೆಯವೆಂದು ತಿಳಿಯಿತು. ಇವೆಲ್ಲವನ್ನೂ ಒಟ್ಟುಗೂಡಿಸಿ ರಾವ್ ಅವರು, ಇದು ಮಹಾಭಾರತದಲ್ಲಿ ಹೇಳಿರುವ, ಸಮುದ್ರ ನುಂಗಿದ ನಗರವೇ ಎಂಬ ನಿರ್ಣಯಕ್ಕೆ ಬಂದರು.

ತೊಡಕು ಇರುವುದು ಈ ಒಟ್ಟುಗೂಡಿಸುವಿಕೆಯಲ್ಲಿ. ಬೇಟ್ ದ್ವಾರಕೆಯ ಮಡಕೆಯ ವಯಸ್ಸು ದ್ವಾರಕೆಯ ಕಡಲಿನಲ್ಲಿರುವ ಕಲ್ಲಿನ ವಯಸ್ಸಾಗಬೇಕಾದರೆ ಎರಡನ್ನೂ ಬೆಸೆಯುವ ಮಣ್ಣಿನ ಪದರವೊಂದು ಬೇಕು. ನೆಲದ ಮೇಲಿನ ಉತ್ಖನನದಲ್ಲಿ ಗೋಡೆಯ ಬುಡದ ಪದರದಲ್ಲಿ ಸಿಕ್ಕ ಮಡಕೆ ಅಥವಾ ಇದ್ದಿಲು ಗೋಡೆಯ ಕಾಲವನ್ನು ಹೇಳಿಕೊಡುತ್ತದೆ. ದ್ವಾರಕೆಯಲ್ಲಾದರೋ ಅಲೆಯ ಹೊಡೆತಕ್ಕೆ ಮರಳು ಸದಾ ಸ್ಥಾನ ಬದಲಿಸುತ್ತದೆ, ದಿಮ್ಮಿಗಳು ಉರುಳುತ್ತವೆ, ಚೂರುಗಳು ಕೊಚ್ಚಿಕೊಂಡು ಬಂದು ಸೇರುತ್ತವೆ. ಒಂದು ಕಾಲಕ್ಕೆ ಜೀವವಿದ್ದ ವಸ್ತುವಿನ ವಯಸ್ಸನ್ನು ಹೇಳುವ ಕಾರ್ಬನ್ ಪರೀಕ್ಷೆ ಬರಿಯ ಕಲ್ಲಿಗೆ ನಡೆಯುವುದಿಲ್ಲ. ಅದೇ ಸಂಸ್ಥೆಯ ಮುಂದಿನ ತಲೆಮಾರಿನ ಸಂಶೋಧಕರು ಈ ಅವಶೇಷಗಳನ್ನು ಮತ್ತೆ ಅಳೆದು, ನಕ್ಷೆ ಬರೆದು, ಲಂಗರುಗಳನ್ನು ಅರಬ್ಬಿ ಸಮುದ್ರದ ಬೇರೆ ಬಂದರುಗಳಲ್ಲಿ ಸಿಕ್ಕವುಗಳ ಜೊತೆ ಹೋಲಿಸಿ, ಇವುಗಳಲ್ಲಿ ಹೆಚ್ಚಿನವು ಬಹಳ ಈಚಿನ, ಐತಿಹಾಸಿಕ ಕಾಲದ ಬಂದರಿನ ಕಟ್ಟೆಯ ಭಾಗಗಳಾಗಿರಬಹುದು ಎಂದು ಸೂಚಿಸಿದ್ದಾರೆ.

ಸಮುದ್ರಮಟ್ಟದ ವಿಚಾರವನ್ನೂ ಇಲ್ಲಿ ಸೇರಿಸಬೇಕು. ಸುಮಾರು 20,000 ವರ್ಷಗಳ ಹಿಂದೆ ಸಮುದ್ರ ಇಂದಿಗಿಂತ ಸುಮಾರು 120 ಮೀಟರ್ ಕೆಳಗಿತ್ತು. ಹಿಮ ಕರಗಿದಂತೆ ಏರುತ್ತ ಬಂದ ನೀರು ಸುಮಾರು ಆರೇಳು ಸಾವಿರ ವರ್ಷಗಳ ಹಿಂದೆಯೇ ಇಂದಿನ ಮಟ್ಟದ ಹತ್ತಿರಕ್ಕೆ ಬಂದಿತ್ತು. ಆದ್ದರಿಂದ 3,500 ವರ್ಷಗಳ ಹಿಂದೆ ಒಂದು ನಗರ ಮುಳುಗಿತೆಂದು ಹೇಳುವವರು ನೆಲ ಕುಸಿದದ್ದನ್ನೋ ದಡ ಕೊಚ್ಚಿಹೋದದ್ದನ್ನೋ ಆ ಜಾಗದಲ್ಲಿಯೇ ತೋರಿಸಿಕೊಡಬೇಕಾಗುತ್ತದೆ.

ಗುಜರಾತಿನದೇ ಆದ ಖಂಭಾತ್ ಕೊಲ್ಲಿಯ ಪ್ರಸಂಗ ಇದಕ್ಕಿಂತ ಕಠಿಣವಾದದ್ದು. 2001ರಲ್ಲಿ ಅಲ್ಲಿ ಮುಳುಗಿದ ಮಹಾನಗರವಿದೆ ಎಂಬ ಘೋಷಣೆ ಹೊರಬಿತ್ತು. ಅದಕ್ಕೆ ಆಧಾರವಾಗಿದ್ದುದು ಸೋನಾರ್ ಚಿತ್ರಗಳು (ಶಬ್ದದ ಅಲೆಗಳನ್ನು ಕಳುಹಿಸಿ ತೆಗೆದ ತಳದ ಚಿತ್ರಗಳು) ಮತ್ತು ತಳವನ್ನು ಬಾಚಿ ಮೇಲಕ್ಕೆ ತಂದ ವಸ್ತುಗಳು. ಅವುಗಳಲ್ಲಿ ಒಂದು ಮರದ ತುಂಡಿಗೆ ಸುಮಾರು 9,500 ವರ್ಷ ವಯಸ್ಸೆಂಬ ಫಲಿತಾಂಶ ಬಂದಿತ್ತು. ಆದರೆ ಉಬ್ಬರವಿಳಿತ ಅತಿ ಬಿರುಸಾಗಿರುವ ಆ ಕೊಲ್ಲಿಗೆ ದೊಡ್ಡ ನದಿಗಳು ಮರಮುಟ್ಟನ್ನು ತಂದು ಸುರಿಯುತ್ತಲೇ ಇರುತ್ತವೆ. ಮರದ ವಯಸ್ಸು ಮರದ್ದು ಮಾತ್ರ. ಅದನ್ನು ಬಾಚಿ ಎತ್ತಿದ ಕ್ಷಣದಲ್ಲಿ ಅದು ಯಾವುದರ ಪಕ್ಕದಲ್ಲಿತ್ತು, ಯಾವ ಪದರದಲ್ಲಿತ್ತು ಎಂಬ ಸಾಕ್ಷ್ಯ ಶಾಶ್ವತವಾಗಿ ಅಳಿಸಿಹೋಯಿತು. ಈ ಉದಾಹರಣೆಯನ್ನು ನಾನು ಮತ್ತೆ ಮತ್ತೆ ಹೇಳುವುದು ಯಾರನ್ನೂ ಹಳಿಯುವುದಕ್ಕಲ್ಲ. ವಸ್ತುವಿಗಿಂತ ವಸ್ತು ಬಿದ್ದಿದ್ದ ಜಾಗ ದೊಡ್ಡದೆಂಬ ನಿಯಮವನ್ನು ಇದಕ್ಕಿಂತ ಸ್ಪಷ್ಟವಾಗಿ ತೋರಿಸುವ ಸಂದರ್ಭ ನಮ್ಮ ದೇಶದಲ್ಲಿ ಇನ್ನೊಂದಿಲ್ಲ.

ದ್ವಾರಕೆಯ ಕೆಲಸ ಮುಗಿದಿಲ್ಲ. 2025ರ ಫೆಬ್ರವರಿಯಲ್ಲಿ ಸರ್ವೇಕ್ಷಣ ಇಲಾಖೆಯ ಜಲಾಂತರ ಪುರಾತತ್ತ್ವ ವಿಭಾಗದ ಐವರ ತಂಡ ಅಲ್ಲಿ ಮತ್ತೆ ಮುಳುಗಿ ಪರಿಶೀಲನೆ ಆರಂಭಿಸಿತು; ಆ ಐವರಲ್ಲಿ ಮೂವರು ಮಹಿಳೆಯರು ಎಂಬುದು ನನಗೆ ತುಂಬ ಸಂತೋಷ ಕೊಟ್ಟ ಸುದ್ದಿ.

ಪ್ರಶ್ನೆ: ಗೋವಾದ ಬಳಿ ಸಮುದ್ರದ ತಳದಲ್ಲಿ ಮಂಗಳೂರಿನ ಹೆಂಚಿನ ಕಾರ್ಖಾನೆಯ ಸರಕು ಸಿಕ್ಕಿದೆಯೆಂದು ಓದಿದೆ. ನಮ್ಮ ಹಳೆಯ ಮನೆಯ ಮೇಲೂ ಅದೇ ಮಿಶನ್ ಹೆಂಚು ಇದೆ. ನೂರಿನ್ನೂರು ವರ್ಷವೂ ಆಗದ ಹೆಂಚನ್ನು ಪುರಾತತ್ತ್ವಜ್ಞರು ಏಕೆ ಅಧ್ಯಯನ ಮಾಡಬೇಕು? (ಓದುಗರು, ಮೂಡುಬಿದಿರೆ)

ಈ ಪ್ರಶ್ನೆ ಬಂದದ್ದು ನನಗೆ ಬಹಳ ಇಷ್ಟವಾಯಿತು. ಗೋವಾದ ತೀರದಾಚೆಯ ಸೇಂಟ್ ಜಾರ್ಜ್ ಬಂಡೆಸಾಲಿನಲ್ಲಿ ರಾಷ್ಟ್ರೀಯ ಸಮುದ್ರ ವಿಜ್ಞಾನ ಸಂಸ್ಥೆಯವರು ಶೋಧಿಸಿದ ಹಡಗಿನ ಅವಶೇಷದಲ್ಲಿ ಸುಟ್ಟ ಮಣ್ಣಿನ ಕಟ್ಟಡ ಸಾಮಗ್ರಿಗಳು ದೊರೆತವು: ಮೂಲೆ ಹೆಂಚು, ಕಂಬದ ತುಂಡು, ಕಂಬದ ಮೇಲಿಡುವ ಬೋದಿಗೆ, ಹೊಗೆಗೂಡಿನ ಇಟ್ಟಿಗೆ. ಇಟ್ಟಿಗೆಯ ಮೇಲೆ ಸ್ವಿಟ್ಜರ್ಲೆಂಡಿನ ಕ್ರೈಸ್ತ ಮಿಶನರಿ ಸಂಸ್ಥೆಯಾದ ಬಾಸೆಲ್ ಮಿಶನ್ನಿನ ಹೆಂಚಿನ ಕಾರ್ಖಾನೆಯ ಹೆಸರೂ 1865 ಎಂಬ ಇಸವಿಯೂ ಒತ್ತಲ್ಪಟ್ಟಿವೆ.

ಹಾಗಾದರೆ ಹಡಗು ಮುಳುಗಿದ್ದು 1865ರಲ್ಲಿಯೇ? ಹಾಗೆ ಹೇಳುವಂತಿಲ್ಲ. 1865 ಎಂಬುದು ಮಂಗಳೂರಿನ ಜೆಪ್ಪುವಿನಲ್ಲಿ ಆ ಕಾರ್ಖಾನೆ ಆರಂಭವಾದ ವರ್ಷ. ಅದನ್ನು ಗುರುತಾಗಿ ಅನಂತರದ ವರ್ಷಗಳಲ್ಲೂ ಒತ್ತಬಹುದು. ಆದ್ದರಿಂದ ಹಡಗು 1865ಕ್ಕಿಂತ ಮುಂಚೆ ಮುಳುಗಿರಲಾರದು ಎಂಬ ಒಂದು ಕಡೆಯ ಗಡಿ ಮಾತ್ರ ನಮಗೆ ಸಿಗುತ್ತದೆ. ಇದಕ್ಕೆ ಹೋಲಿಸಿದರೆ ದಕ್ಷಿಣ ಕೊರಿಯಾದ ಶಿನಾನ್ ಬಳಿಯ ಹಡಗಿನ ಸಂಶೋಧಕರು ಭಾಗ್ಯವಂತರು. ಅಲ್ಲಿ ಸರಕಿಗೆ ಕಟ್ಟಿದ್ದ ಮರದ ಚೀಟಿಗಳ ಮೇಲೆ 1323ನೆಯ ವರ್ಷಕ್ಕೆ ಹೊಂದುವ ದಿನಾಂಕಗಳೇ ಬರೆದಿದ್ದವು. ಸರಕು ಹಡಗಿಗೆ ಏರುವಾಗ ಬರೆದ ಚೀಟಿಗೂ ಕಾರ್ಖಾನೆಯ ಅಚ್ಚಿನ ಗುರುತಿಗೂ ಇರುವ ಈ ವ್ಯತ್ಯಾಸವನ್ನು ಗಮನಿಸದೆ ಕಾಲನಿರ್ಣಯ ಮಾಡಿದರೆ ದಶಕಗಳಷ್ಟು ತಪ್ಪಾಗುತ್ತದೆ.

ಇನ್ನು, ಈಚಿನ ವಸ್ತುವನ್ನು ಅಧ್ಯಯನ ಮಾಡುವುದೇಕೆ ಎಂಬ ಮಾತು. ದಾಖಲೆಗಳಿರುವ ಕಾಲವನ್ನು ವಸ್ತುಗಳ ಮೂಲಕವೂ ನೋಡುವ ವಿದ್ಯೆಯೇ ಐತಿಹಾಸಿಕ ಪುರಾತತ್ತ್ವ. ಕಾರ್ಖಾನೆಯ ಲೆಕ್ಕಪತ್ರ ಎಷ್ಟು ಹೆಂಚು ತಯಾರಾಯಿತೆಂದು ಹೇಳೀತು. ಒಂದೇ ಯಾನದಲ್ಲಿ ಹೆಂಚು, ಕಂಬ, ಇಟ್ಟಿಗೆಗಳು ಜೊತೆಯಾಗಿ ಹೋಗುತ್ತಿದ್ದವು, ಅಂದರೆ ಮನೆಯ ಮಾಡಿಗೆ ಬೇಕಾದದ್ದಷ್ಟೇ ಅಲ್ಲದೆ ಕಟ್ಟಡದ ಅಲಂಕಾರದ ಭಾಗಗಳೂ ಕಡಲ ದಾರಿಯಲ್ಲಿ ಸಾಗುತ್ತಿದ್ದವು ಎಂಬುದನ್ನು ಕಣ್ಣಾರೆ ತೋರಿಸುವುದು ಮುಳುಗಿದ ಹಡಗು. ನೇತ್ರಾವತಿಯ ದಂಡೆಯ ಜೇಡಿಮಣ್ಣು ಪಶ್ಚಿಮ ಕರಾವಳಿಯ ಮಾಡುಗಳ ರೂಪವನ್ನೇ ಬದಲಿಸಿದ ಕಥೆಯಲ್ಲಿ ಆ ಬಂಡೆಸಾಲಿನ ಸರಕು ಒಂದು ಮುಖ್ಯ ಸಾಕ್ಷಿ.

ಮಂಗಳೂರಿಗೆ ಸಂಬಂಧಿಸಿದ ಇನ್ನೊಂದು ದಾಖಲೆಯನ್ನೂ ಇಲ್ಲಿ ನೆನೆಯಬೇಕು. 12ನೆಯ ಶತಮಾನದಲ್ಲಿ ಮಂಗಳೂರಿನಲ್ಲಿ ನೆಲೆಸಿ ಕಂಚಿನ ಪಾತ್ರೆಗಳ ಕಾರ್ಖಾನೆ ನಡೆಸುತ್ತಿದ್ದ ಅಬ್ರಹಾಂ ಬೆನ್ ಯಿಜು ಎಂಬ ಯಹೂದಿ ವ್ಯಾಪಾರಿಗೆ ಯೆಮನ್ ದೇಶದ ಬಂದರಾದ ಏಡನ್‌ನಿಂದ ಬಂದ ಪತ್ರಗಳು ಕೈರೋದ ಯಹೂದಿ ಪ್ರಾರ್ಥನಾಲಯವೊಂದರ ಹಳೆಯ ಕಾಗದಗಳ ನಡುವೆ ಉಳಿದುಬಂದಿವೆ. ಅವುಗಳಲ್ಲಿ ಒಂದರಲ್ಲಿ, ಮಲಬಾರಿನ ಕಡೆಯಿಂದ ಹೊರಟ ಹಡಗೊಂದು ಕೆಂಪು ಸಮುದ್ರದ ಬಾಯಿಯ ಹತ್ತಿರ ಒಡೆದ ಸುದ್ದಿಯಿದೆ. ಕಾಳುಮೆಣಸು ಪೂರ್ತಿಯಾಗಿ ಹೋಯಿತು, ಕಬ್ಬಿಣಕ್ಕಾಗಿ ಏಡನ್‌ನಿಂದ ಮುಳುಗುಗಾರರನ್ನು ಕರೆಸಲಾಯಿತು, ಅವರು ಅರ್ಧದಷ್ಟನ್ನು ಮೇಲೆತ್ತಿದರು ಎಂದು ಏಡನ್‌ನ ವರ್ತಕ ಬರೆಯುತ್ತಾನೆ. ಕಡಲ ತಳದಲ್ಲಿ ನಮಗೆ ಏನು ಸಿಗಬಹುದು, ಏನು ಸಿಗಲಾರದು ಎಂಬುದನ್ನು ಈ ಪತ್ರ ಸೊಗಸಾಗಿ ಹೇಳುತ್ತದೆ. ಮೆಣಸು, ಅಕ್ಕಿ, ಬಟ್ಟೆಗಳಂಥ ನಮ್ಮ ಕರಾವಳಿಯ ಸಿರಿಯ ಬಹುಪಾಲು ನೀರಿನಲ್ಲಿ ಉಳಿಯುವಂಥದ್ದಲ್ಲ. ಉಳಿಯುವ ಲೋಹದಲ್ಲಿಯೂ ಒಂದು ಭಾಗವನ್ನು ಆ ಕಾಲದವರೇ ಎತ್ತಿಕೊಂಡು ಹೋಗಿರುತ್ತಾರೆ. ಹೀಗಿರುವಾಗ ಬರಿಯ ಅವಶೇಷ ನೋಡಿ ವ್ಯಾಪಾರವನ್ನು ಅಳೆಯಹೊರಟರೆ ಮೆಣಸಿನ ವ್ಯಾಪಾರವೇ ಇರಲಿಲ್ಲವೆಂದು ತೋರೀತು. ಪತ್ರವನ್ನೂ ಅವಶೇಷವನ್ನೂ ಎದುರುಬದುರು ಇಟ್ಟುಕೊಂಡು ಓದಲೇಬೇಕು.

ಪ್ರಶ್ನೆ: ಯೂರೋಪಿನಲ್ಲಿ ಇಡೀ ಹಡಗನ್ನೇ ಎತ್ತಿ ಸಂಗ್ರಹಾಲಯದಲ್ಲಿ ಇಟ್ಟಿದ್ದಾರೆ. ನಮ್ಮಲ್ಲಿ ಏಕೆ ಸಿಗುವುದಿಲ್ಲ? (ಓದುಗರು, ಧಾರವಾಡ)

ನೀರಿನ ಗುಣವೇ ಮುಖ್ಯ ಕಾರಣ. 1628ರಲ್ಲಿ ಸ್ಟಾಕ್‌ಹೋಮಿನಲ್ಲಿ ಮುಳುಗಿದ ವಾಸಾ ಎಂಬ ಯುದ್ಧನೌಕೆಯನ್ನು 1961ರಲ್ಲಿ, ಅಂದರೆ 333 ವರ್ಷಗಳ ಮೇಲೆ, ಹೆಚ್ಚುಕಡಿಮೆ ಇಡಿಯಾಗಿ ಎತ್ತಲು ಸಾಧ್ಯವಾದದ್ದು ಬಾಲ್ಟಿಕ್ ಸಮುದ್ರದ ನೀರಿನಲ್ಲಿ ಉಪ್ಪು ಕಡಿಮೆಯಾಗಿ, ಮರ ಕೊರೆಯುವ ಕಡಲಹುಳು ಅಲ್ಲಿ ಬದುಕಲಾರದೆ ಇದ್ದುದರಿಂದ. ಅರಬ್ಬಿ ಸಮುದ್ರದ ಬೆಚ್ಚನೆಯ ಉಪ್ಪುನೀರಿನಲ್ಲಿ ಮಣ್ಣು ಮುಚ್ಚದೆ ಉಳಿದ ಮರವನ್ನು ಆ ಹುಳು ಬೇಗನೆ ತಿಂದು ಮುಗಿಸುತ್ತದೆ. ಕೆಸರಿನಲ್ಲಿ ಹೂತುಹೋದ ಭಾಗಕ್ಕೆ ಮಾತ್ರ ಉಳಿಯುವ ಅವಕಾಶ. ಎತ್ತಿದ ಮೇಲೂ ಕೆಲಸ ಮುಗಿಯುವುದಿಲ್ಲ. ನೀರು ಕುಡಿದ ಮರ ಸುಮ್ಮನೆ ಒಣಗಿದರೆ ಸೀಳಿ ಸುರುಟಿಕೊಳ್ಳುವುದರಿಂದ, ವಾಸಾದ ಮರಕ್ಕೆ ಪಾಲಿಎಥಿಲೀನ್ ಗ್ಲೈಕಾಲ್ ಎಂಬ ದ್ರಾವಣವನ್ನು 17 ವರ್ಷ ಸಿಂಪಡಿಸಬೇಕಾಯಿತು. ಅಷ್ಟು ದೀರ್ಘ ಕಾಲದ ಹಣ ಮತ್ತು ಪ್ರಯೋಗಾಲಯ ಸಿದ್ಧವಿಲ್ಲದೆ ಯಾವ ಹಡಗನ್ನೂ ಎತ್ತಬಾರದು. ನೀರಿನಡಿಯ ಪರಂಪರೆಯ ರಕ್ಷಣೆಯನ್ನು ಕುರಿತ 2001ರ ಯುನೆಸ್ಕೋ ಒಡಂಬಡಿಕೆ ಕೂಡ ಅವಶೇಷವನ್ನು ಇದ್ದಲ್ಲಿಯೇ ಕಾಪಾಡುವುದನ್ನು ಮೊದಲ ಆಯ್ಕೆಯಾಗಿ ಪರಿಗಣಿಸಬೇಕೆನ್ನುತ್ತದೆ.

ಪ್ರಶ್ನೆ: ನಾನು ಇತಿಹಾಸದ ಎಂ.ಎ. ವಿದ್ಯಾರ್ಥಿನಿ. ಈಜು ಚೆನ್ನಾಗಿ ಬರುತ್ತದೆ. ಈ ಕ್ಷೇತ್ರಕ್ಕೆ ಬರಬಹುದೇ? (ಓದುಗರು, ಮೈಸೂರು)

ಖಂಡಿತ ಬನ್ನಿ. ಮುಳುಗುವ ತರಬೇತಿಯನ್ನು ಕೆಲವು ವಾರಗಳಲ್ಲಿ ಪಡೆಯಬಹುದು. ಮಡಕೆ ಚೂರನ್ನು ಗುರುತಿಸುವ ಕಣ್ಣು, ನಕ್ಷೆ ಬರೆಯುವ ಕೈ, ಹಳೆಯ ದಾಖಲೆ ಓದುವ ತಾಳ್ಮೆ ಇವಕ್ಕೆ ವರ್ಷಗಳು ಬೇಕು. ಆದ್ದರಿಂದ ಮೊದಲು ನೆಲದ ಮೇಲಿನ ಉತ್ಖನನವೊಂದರಲ್ಲಿ ಕೆಲಸ ಮಾಡಿ. ಪೋರ್ಚುಗೀಸ್ ಅಥವಾ ಡಚ್ ಭಾಷೆ ಕಲಿತರೆ ನಮ್ಮ ಕರಾವಳಿಯ ಹಡಗುಗಳ ದಾಖಲೆಗಳು ನಿಮಗೆ ತೆರೆದುಕೊಳ್ಳುತ್ತವೆ. ಟರ್ಕಿಯ ಉಲುಬುರುನ್ ಬಳಿ 44 ಮೀಟರಿಗಿಂತ ಆಳದಲ್ಲಿದ್ದ ಕಂಚಿನ ಯುಗದ ಹಡಗನ್ನು ಉತ್ಖನನ ಮಾಡಲು 1984ರಿಂದ 1994ರವರೆಗೆ 22,413 ಸಲ ಮುಳುಗಬೇಕಾಯಿತು, ಏಕೆಂದರೆ ಅಂಥ ಆಳದಲ್ಲಿ ಒಂದು ಸಲಕ್ಕೆ ಸಿಗುವುದು ಇಪ್ಪತ್ತು ನಿಮಿಷದಷ್ಟು ಕೆಲಸ ಮಾತ್ರ. ಆ ಅಲ್ಪ ಸಮಯದಲ್ಲಿ ಏನು ಮಾಡಬೇಕೆಂಬುದು ದಡದಲ್ಲಿಯೇ ತೀರ್ಮಾನವಾಗಿರಬೇಕು.

ಪ್ರಶ್ನೆ: ನಮ್ಮದು ಮೀನುಗಾರರ ಮನೆ. ಟ್ರಾಲ್ ಬೋಟಿನ ಬಲೆಗೆ ಚಿಪ್ಪು ಕಟ್ಟಿದ ಹಳೆಯ ಭರಣಿ ಬಂದಿದೆ. ಏನು ಮಾಡಬೇಕು? ಹೇಳಿದರೆ ಬೋಟಿಗೆ ತೊಂದರೆಯಾದೀತೆಂದು ಅಪ್ಪ ಹೆದರುತ್ತಾರೆ. (ಓದುಗರು, ಹೊನ್ನಾವರ)

ಅಪ್ಪನವರ ಹೆದರಿಕೆ ಸಹಜವಾದದ್ದು. ಆದರೆ ಅವರಲ್ಲಿರುವ ತಿಳಿವಳಿಕೆ ಬಹಳ ಬೆಲೆಯುಳ್ಳದ್ದು ಎಂದು ಅವರಿಗೆ ದಯವಿಟ್ಟು ಹೇಳಿ. ಉಲುಬುರುನ್ ಹಡಗನ್ನು 1982ರಲ್ಲಿ ಮೊದಲು ಕಂಡವನು ಸ್ಪಂಜು ಹೆಕ್ಕುವ ಮುಳುಗುಗಾರ. ಶಿನಾನ್ ಹಡಗಿನ ಸುಳಿವು ಸಿಕ್ಕಿದ್ದು 1975ರಲ್ಲಿ ಮೀನುಗಾರನೊಬ್ಬನ ಬಲೆಗೆ ಪಿಂಗಾಣಿ ಬಂದಾಗ. ಶ್ರೀಲಂಕಾದ ಗೊಡವಾಯದ ಬಳಿ ಸುಮಾರು ಎರಡು ಸಾವಿರ ವರ್ಷ ಹಳೆಯ ಹಡಗನ್ನು ತೋರಿಸಿಕೊಟ್ಟವರೂ ಸ್ಥಳೀಯ ಮುಳುಗುಗಾರರೇ.

ಭರಣಿಯನ್ನು ಒಣಗಲು ಬಿಡಬೇಡಿ. ಮಣ್ಣಿನೊಳಗೆ ಇಳಿದಿರುವ ಉಪ್ಪು ಒಣಗುವಾಗ ಹರಳಾಗಿ, ಹಿಗ್ಗಿ, ಮೈಯನ್ನು ಒಡೆಯುತ್ತದೆ. ಸಮುದ್ರದ ನೀರು ತುಂಬಿದ ಪ್ಲಾಸ್ಟಿಕ್ ತೊಟ್ಟಿಯಲ್ಲಿ ಮುಳುಗಿಸಿ, ನೆರಳಿನಲ್ಲಿಡಿ. ಚಿಪ್ಪು ಕೆರೆಯಬೇಡಿ, ಒಳಗಿನ ಕೆಸರನ್ನು ಚೆಲ್ಲಬೇಡಿ, ಅದರಲ್ಲಿ ಕಾಳೋ ಬೀಜವೋ ಉಳಿದಿರಬಹುದು. ಇದಕ್ಕಿಂತ ಮುಖ್ಯವಾಗಿ, ನೆನಪು ಹಸಿಯಾಗಿರುವಾಗಲೇ ಬೋಟು ನಡೆಸುವ ತಾಂಡೇಲರನ್ನು ಕೇಳಿ ಬರೆದಿಡಿ: ಬಲೆ ಎಲ್ಲಿ ಬಿಟ್ಟರು, ಎಲ್ಲಿ ಎತ್ತಿದರು, ಜಿಪಿಎಸ್ ಅಂಕಿ ಯಾವುದು, ಎಷ್ಟು ಮಾರು ಆಳ, ತಳ ಕೆಸರೋ ಮರಳೋ ಕಲ್ಲೋ, ಅಲ್ಲಿ ಮುಂಚೆಯೂ ಬಲೆ ಸಿಕ್ಕಿಹಾಕಿಕೊಂಡು ಹರಿದದ್ದುಂಟೋ. ಬಲೆ ಹರಿಯುವ ಜಾಗಗಳ ಪಟ್ಟಿ ಪ್ರತಿಯೊಂದು ಬಂದರಿನ ಮೀನುಗಾರರ ತಲೆಯಲ್ಲಿದೆ, ಮತ್ತು ಆ ಪಟ್ಟಿಯಿಂದ ಹೊರಟ ಸಂಶೋಧನೆ ಬರಿಯ ಸೋನಾರ್‌ನಿಂದ ಹೊರಟದ್ದಕ್ಕಿಂತ ಬೇಗ ಗುರಿ ಮುಟ್ಟುತ್ತದೆ.

ಅನಂತರ ಜಿಲ್ಲಾಧಿಕಾರಿಗಳ ಕಚೇರಿಗೆ ಅಥವಾ ರಾಜ್ಯದ ಪುರಾತತ್ತ್ವ, ಸಂಗ್ರಹಾಲಯಗಳು ಮತ್ತು ಪರಂಪರೆ ಇಲಾಖೆಗೆ ಫೋಟೋ ಸಹಿತ ಲಿಖಿತವಾಗಿ ತಿಳಿಸಿ, ಸ್ವೀಕೃತಿ ಪಡೆದುಕೊಳ್ಳಿ. ತಾವಾಗಿಯೇ ಬರೆದು ತಿಳಿಸಿದ ಪತ್ರ ನಿಮ್ಮ ರಕ್ಷಣೆಗೂ ಇರುತ್ತದೆ. ಭರಣಿಯನ್ನು ಮಾತ್ರ ಕೊಳ್ಳಲು ಬಂದವರಿಗೆ ಮಾರಬೇಡಿ: ಮಾರಿದ ದಿನ ಅದರ ಜಾಗದ ವಿವರ ಅದರಿಂದ ಕಳಚಿಹೋಗುತ್ತದೆ, ಮತ್ತು ಅದೇ ಜಾಗಕ್ಕೆ ಮರುದಿನ ಬೇರೆಯವರು ಇಳಿಯುತ್ತಾರೆ. ಫೋಟೋ ಮತ್ತು ಜಿಪಿಎಸ್ ವಿವರಗಳನ್ನು ಪತ್ರಿಕೆಯ ವಿಳಾಸಕ್ಕೂ ಕಳುಹಿಸಿದರೆ ಭರಣಿಯ ಬಾಯಿ, ಹಿಡಿ, ಮೆರುಗುಗಳನ್ನು ನೋಡಿ ಅದು ಯಾವ ಬಗೆಯದಿರಬಹುದೆಂದು ತಿಳಿದವರಿಂದ ಕೇಳಿ ಬರೆಯುತ್ತೇನೆ. ಜಾಗದ ಅಂಕಿಗಳನ್ನು ಮಾತ್ರ ಅಚ್ಚು ಹಾಕುವುದಿಲ್ಲ.