ಒಂದೇ ಅಧ್ಯಾಯದಲ್ಲಿ ನಿಂತುಹೋಗುತ್ತಿದ್ದ ವಿದ್ಯಾರ್ಥಿನಿ: ಒಂದು ಆಪ್ತಸಲಹೆ ಪ್ರಕರಣ

ಬಿ.ಎಸ್ಸಿ. ನರ್ಸಿಂಗ್ ಓದುತ್ತಿದ್ದ ಈ ವಿದ್ಯಾರ್ಥಿನಿಯನ್ನು ನನ್ನ ಬಳಿಗೆ ಕಳುಹಿಸಿದವರು ಆಕೆಯ ಅಧ್ಯಾಪಕಿ. ಉಳಿದ ವಿಷಯಗಳಲ್ಲಿ ಚೆನ್ನಾಗಿದ್ದಾಳೆ, ನರವ್ಯೂಹದ ಪ್ರಶ್ನೆ ಬಂದರೆ ಹಾಳೆ ಖಾಲಿ ಬಿಡುತ್ತಾಳೆ, ಏಕಾಗ್ರತೆಯ ಕೊರತೆ ಇರಬಹುದು ಎಂದು ಅವರು ಬರೆದಿದ್ದರು. ಗುರುತು ಸಿಗದಂತೆ ಊರು, ಕಾಲ ಮತ್ತು ಮನೆಯ ಕೆಲವು ವಿವರಗಳನ್ನು ಇಲ್ಲಿ ಬದಲಿಸಿದ್ದೇನೆ. ಬರೆಯಲು ಆಕೆಯ ಒಪ್ಪಿಗೆ ಇದೆ.

ಹಳೆಯ ಉತ್ತರಪತ್ರಿಕೆಗಳನ್ನು ಇಬ್ಬರೂ ಕೂತು ನೋಡಿದೆವು. ಹೃದಯಾಘಾತ, ಮೂತ್ರಪಿಂಡದ ವೈಫಲ್ಯಗಳ ಬಗ್ಗೆ ಒಪ್ಪವಾದ ಉತ್ತರಗಳಿದ್ದವು. ನರವ್ಯೂಹದಲ್ಲಿಯೂ ಪಾರ್ಶ್ವವಾಯು ಮತ್ತು ಮಿದುಳುಪೊರೆಯ ಉರಿಯೂತದ ಬಗ್ಗೆ ವಿವರವಾಗಿಯೇ ಬರೆದಿದ್ದಳು. ಖಾಲಿ ಉಳಿದಿದ್ದದ್ದು ಬೆನ್ನುಹುರಿಯ ಗಾಯಕ್ಕೆ ಸಂಬಂಧಿಸಿದ ಭಾಗ ಮಾತ್ರ. ಏಕಾಗ್ರತೆ ಇಲ್ಲದವರು ಹೀಗೆ ಒಂದೇ ಕಡೆ ಆಯ್ದು ಸೋಲುವುದಿಲ್ಲ. ಆದ್ದರಿಂದ ನೆನಪಿನ ಶಕ್ತಿಯ ಮಾತನ್ನು ಬದಿಗಿಟ್ಟು, ಈ ಗಾಯ ಆದವರು ನಿಮಗೆ ಪರಿಚಯದವರು ಯಾರಾದರೂ ಇದ್ದಾರೆಯೇ ಎಂದು ಕೇಳಿದೆ.

ಆಕೆಯ ತಂದೆ ಮಲೆನಾಡಿನ ಸಣ್ಣ ಅಡಿಕೆ ಬೆಳೆಗಾರರು. ಮಳೆಗಾಲದಲ್ಲಿ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯಲು ಮರ ಹತ್ತಿದ್ದವರು ಪಾಚಿಗಟ್ಟಿದ ಕಾಂಡದಿಂದ ಜಾರಿ ಬಿದ್ದರು. ಆಗ ಆಕೆ ದ್ವಿತೀಯ ಪಿಯುಸಿಯಲ್ಲಿದ್ದಳು. ತೋಟದಿಂದ ರಸ್ತೆಯವರೆಗಿನ ಏರುದಾರಿಯಲ್ಲಿ ಮನೆಯವರು, ನೆರೆಯವರು ಸೇರಿ ಕೈಕಾಲು ಹಿಡಿದು ಎತ್ತಿಕೊಂಡು ಬಂದು ಜೀಪಿನ ಹಿಂದಿನ ಸೀಟಿನಲ್ಲಿ ಮಲಗಿಸಿದ್ದರು. “ಕಾಲು ಹಿಡಿದಿದ್ದು ನಾನೇ ಮೇಡಂ. ನಡು ಕೆಳಗೆ ಜೋತುಬಿದ್ದಿತ್ತು. ಆಮೇಲೆ ಕ್ಲಾಸಲ್ಲಿ ಲಾಗ್ ರೋಲ್ ಹೇಳಿಕೊಟ್ಟಾಗ ಮುಂದೆ ಏನು ಹೇಳಿದರೋ ನನಗೆ ಕೇಳಿಸಲೇ ಇಲ್ಲ” ಎಂದಳು. ಬೆನ್ನುಮೂಳೆಗೆ ಪೆಟ್ಟಾದವರನ್ನು ಹಲಗೆಯ ಮೇಲೆ, ತಲೆ, ಕುತ್ತಿಗೆ, ಮುಂಡ ಒಂದೇ ರೇಖೆಯಲ್ಲಿರುವಂತೆ ಹೊರಳಿಸಿ ಸಾಗಿಸಬೇಕೆಂಬ ಪಾಠ ಆಕೆಗೆ ತನ್ನ ಮೇಲಿನ ಆರೋಪದಂತೆ ಕೇಳಿಸಿತ್ತು.

ಇಷ್ಟೇ ಆಗಿದ್ದರೆ ಇದು ಅಪರಾಧಿಭಾವದ ಪ್ರಕರಣವಾಗುತ್ತಿತ್ತು. ಮುಂದಿನ ಭೇಟಿಯಲ್ಲಿ ಇನ್ನೊಂದು ಸಂಗತಿ ಹೊರಬಂತು. ತಂದೆಯ ಸ್ಕ್ಯಾನ್ ವರದಿಯಲ್ಲಿ ಟಿ-12 ಮೂಳೆಯ, ಅಂದರೆ ಎದೆಭಾಗದ ಬೆನ್ನುಮೂಳೆಗಳಲ್ಲಿ ಕೊನೆಯದಾದ ಹನ್ನೆರಡನೆಯದರ, ಮುರಿತ ಎಂದಿತ್ತು. ಪುಸ್ತಕದ ಚಿತ್ರದಲ್ಲಿ ಟಿ-10ರ ಸ್ಪರ್ಶವಲಯ (ಬೆನ್ನುಹುರಿಯ ಆ ಖಂಡಕ್ಕೆ ಸ್ಪರ್ಶದ ಅರಿವು ಕಳುಹಿಸುವ ಚರ್ಮದ ಪಟ್ಟಿ) ಹೊಕ್ಕುಳಿನ ಮಟ್ಟದಲ್ಲಿದೆ. ಹಾಗಾದರೆ ಟಿ-12ರ ಗಾಯದಿಂದ ಕಿಬ್ಬೊಟ್ಟೆಯಿಂದ ಕೆಳಗೆ ಏನೂ ತಿಳಿಯಬಾರದು. ಆದರೆ ತೊಡೆಯ ಮೇಲ್ಭಾಗ ಮುಟ್ಟಿದರೆ ತಂದೆಗೆ ಗೊತ್ತಾಗುತ್ತಿತ್ತು. ಅಂದರೆ ನರ ಮರಳಿ ಕೂಡಿಕೊಳ್ಳುತ್ತಿದೆ, ಅಪ್ಪ ಎಂದಾದರೊಂದು ದಿನ ಎದ್ದು ನಡೆಯುತ್ತಾರೆ ಎಂಬ ನಂಬಿಕೆಯನ್ನು ಆಕೆ ಯಾರಿಗೂ ಹೇಳದೆ ಇಟ್ಟುಕೊಂಡಿದ್ದಳು. ಅಂಗವಿಕಲರ ಯುಡಿಐಡಿ ಕಾರ್ಡಿಗೆ ಅರ್ಜಿ ಹಾಕೋಣ ಎಂದು ತಾಯಿ ಹೇಳಿದಾಗಲೆಲ್ಲ ಈಗಲೇ ಬೇಡ ಎಂದು ತಡೆದವಳೂ ಆಕೆಯೇ.

ಹೀಗೆ ಆಕೆಯ ಭಯ ಮತ್ತು ಆಸೆ ಎರಡೂ ಒಂದೇ ಅಧ್ಯಾಯದಲ್ಲಿ ಅಡಗಿದ್ದವು. ಓದಿದರೆ ತಾನೇ ತಂದೆಯ ಕಾಲು ಕಳೆದೆನೆಂದು ಖಚಿತವಾಗಬಹುದು, ಅವರು ನಡೆಯಲಾರರೆಂದೂ ಖಚಿತವಾಗಬಹುದು. ಪುಸ್ತಕ ಮುಚ್ಚಿಡುವುದೇ ಆಕೆಗೆ ಸುರಕ್ಷಿತವಾಗಿತ್ತು. ಇಂಥವರಿಗೆ ವೇಳಾಪಟ್ಟಿ ಹಾಕಿಕೊಟ್ಟು ಕಳುಹಿಸುವುದು ನಿಷ್ಪ್ರಯೋಜಕ.

“ನಿನ್ನ ತಪ್ಪಿಲ್ಲ” ಎಂಬ ಸಮಾಧಾನದ ಮಾತನ್ನು ನಾನು ಹೇಳಲಿಲ್ಲ. ಅದನ್ನು ಹೇಳುವ ವೈದ್ಯಕೀಯ ಅಧಿಕಾರ ನನಗಿಲ್ಲ. ಪಠ್ಯ ಓದಿದ ಹುಡುಗಿ ಅದನ್ನು ನಂಬುವುದೂ ಇಲ್ಲ. ಬದಲಿಗೆ ತನ್ನ ಪ್ರಶ್ನೆಗಳನ್ನು ಕಾಗದದ ಮೇಲೆ ಬರೆದುಕೊಂಡು ತಂದೆಯ ಚಿಕಿತ್ಸೆ ಮಾಡಿದ ವೈದ್ಯರನ್ನು ನೇರವಾಗಿ ಕೇಳುವಂತೆ ಸಲಹೆ ಮಾಡಿದೆ. ವೈದ್ಯರು ದಾಖಲೆ ತೆಗೆದು ತಾಳ್ಮೆಯಿಂದ ವಿವರಿಸಿದರಂತೆ. ಇಂಥ ಮುರಿತದಲ್ಲಿ ಬೆನ್ನುಹುರಿಗೆ ಆಗುವ ಹಾನಿಯ ಬಹುಪಾಲು ಬಿದ್ದ ಕ್ಷಣದಲ್ಲೇ ಆಗಿರುತ್ತದೆ. ನಂತರದ ಗಂಟೆಗಳಲ್ಲಿ ಊತ, ರಕ್ತಸಂಚಾರದ ಕೊರತೆಗಳಿಂದ ಇನ್ನಷ್ಟು ಸೇರುತ್ತದೆ. ಎತ್ತಿ ಸಾಗಿಸಿದ ರೀತಿಯಿಂದ ಎಷ್ಟು ಸೇರಿತು ಎಂದು ಬೇರ್ಪಡಿಸಿ ಹೇಳಲು ಯಾರಿಗೂ ಸಾಧ್ಯವಿಲ್ಲ. ಪೂರ್ಣ ಖುಲಾಸೆಯಲ್ಲದ ಈ ಉತ್ತರವನ್ನು ಆಕೆ ನಂಬಿದಳು, ನಂಬಿದ್ದರಿಂದಲೇ ಸ್ವಲ್ಪ ಹಗುರವಾದಳು.

ಆಸೆಯ ಪ್ರಶ್ನೆಗೆ ಉತ್ತರ ಅಂಗರಚನಾಶಾಸ್ತ್ರದಲ್ಲೇ ಇತ್ತು. ವಯಸ್ಕರಲ್ಲಿ ಬೆನ್ನುಹುರಿ ಬೆನ್ನುಮೂಳೆಯಷ್ಟು ಉದ್ದವಿರುವುದಿಲ್ಲ, ಸೊಂಟಭಾಗದ ಮೊದಲೆರಡು ಮೂಳೆಗಳಾದ ಎಲ್-1, ಎಲ್-2ರ ಹತ್ತಿರವೇ ಮುಗಿಯುತ್ತದೆ. ಆದ್ದರಿಂದ ಟಿ-12 ಮೂಳೆಯ ನೇರದಲ್ಲಿ ಇರುವುದು ಬೆನ್ನುಹುರಿಯ ಕೆಳಗಿನ ಲಂಬಾರ್ (ಸೊಂಟದ) ಮತ್ತು ಸೇಕ್ರಲ್ (ಅದಕ್ಕೂ ಕೆಳಗಿನ, ತುದಿಯ) ಖಂಡಗಳು. ತೊಡೆಯ ಮೇಲ್ಭಾಗದ ಸ್ಪರ್ಶ ಅದಕ್ಕಿಂತ ಮೇಲಿನ, ಪೆಟ್ಟಾಗದೆ ಉಳಿದ ಖಂಡಗಳದು. ಗಾಯ ಪೂರ್ಣವೋ ಅಪೂರ್ಣವೋ ಎಂಬುದನ್ನು ತೀರ್ಮಾನಿಸುವುದು ಕೊನೆಯ ಸೇಕ್ರಲ್ ಖಂಡಗಳಾದ ಎಸ್-4, ಎಸ್-5ರ ಸಂವೇದನೆ ಮತ್ತು ಗುದದ್ವಾರವನ್ನು ಬೇಕೆಂದಾಗ ಸಂಕೋಚಿಸುವ ಶಕ್ತಿ. ದಾಖಲೆಯ ಪ್ರಕಾರ ತಂದೆಗೆ ಅವೆರಡೂ ಇರಲಿಲ್ಲ, ಬೆನ್ನುಹುರಿ ಗಾಯದ ತೀವ್ರತೆ ಅಳೆಯುವ ಏಷಿಯಾ (ASIA) ಮಾಪನದಲ್ಲಿ ಎ ದರ್ಜೆ, ಅಂದರೆ ಪೂರ್ಣ ಗಾಯ, ಎಂದಿತ್ತು. ಅಧ್ಯಾಪಕಿ ಇದನ್ನು ಕಪ್ಪುಹಲಗೆಯ ಮೇಲೆ ಬಿಡಿಸಿ ತೋರಿಸಿದ ದಿನ ಆಕೆ ಬಂದು ಬಹಳ ಹೊತ್ತು ಅತ್ತಳು. ಅಳಲು ಬಿಟ್ಟೆ. ಅದು ಅಲ್ಲಿಯವರೆಗೆ ಮುಂದೂಡಿದ್ದ ದುಃಖ. ನಂತರದ ವಾರ ಯುಡಿಐಡಿ ಅರ್ಜಿಯನ್ನು ಆಕೆಯೇ ತುಂಬಿದಳು, ಗಾಲಿಕುರ್ಚಿಯಲ್ಲಿ ಕೂತು ತಂದೆ ಮಾಡಬಹುದಾದ ಕೆಲಸಗಳ ಬಗ್ಗೆ ಮನೆಯಲ್ಲಿ ಮೊದಲ ಸಲ ಮಾತಾಯಿತು.

ಓದಿನ ಸಲಹೆ ಇಷ್ಟೆಲ್ಲ ಆದ ಮೇಲೆ ಬಂತು. ಗಾಯಗಳ ಪಟ್ಟಿಯಿಂದ ಆರಂಭಿಸಬೇಡಿ, ಬೆನ್ನುಹುರಿಯ ಅಡ್ಡಕೊಯ್ತದ ಚಿತ್ರದಿಂದ ಆರಂಭಿಸಿ ಎಂದೆ. ಪುಸ್ತಕ ಮುಚ್ಚಿ, ಖಾಲಿ ಹಾಳೆಯಲ್ಲಿ ಮೂರು ಮಾರ್ಗಗಳನ್ನು ಬರೆಯಬೇಕು: ಚಲನೆಯ ಆಜ್ಞೆ ಒಯ್ಯುವ ಮಾರ್ಗ ಮಿದುಳಿನ ಬುಡದ ಮೆಡುಲ್ಲಾದಲ್ಲಿ ಎದುರು ಬದಿಗೆ ಅಡ್ಡಹಾಯುತ್ತದೆ, ಕಂಪನ ಮತ್ತು ಅಂಗಸ್ಥಿತಿಯ ಅರಿವು ತರುವ ಹಿಂಭಾಗದ ಮಾರ್ಗವೂ ಮೆಡುಲ್ಲಾದಲ್ಲೇ, ನೋವು ಮತ್ತು ಶಾಖದ ಮಾರ್ಗ ಮಾತ್ರ ಬೆನ್ನುಹುರಿಯೊಳಗೇ, ಪ್ರವೇಶಿಸಿದ ಖಂಡದ ಆಸುಪಾಸಿನಲ್ಲಿ, ಆಚೆ ಬದಿಗೆ ಹೋಗುತ್ತದೆ. ಇದು ಕೈಗೆ ಹತ್ತಿದರೆ ಬ್ರೌನ್ ಸೆಕಾರ್ಡ್ ಲಕ್ಷಣಗಳನ್ನು ಬಾಯಿಪಾಠ ಮಾಡಬೇಕಿಲ್ಲ. ಅರ್ಧ ಬೆನ್ನುಹುರಿ ಕತ್ತರಿಸಿದಾಗ ಅದೇ ಬದಿಯಲ್ಲಿ ಚಲನೆ, ಎದುರು ಬದಿಯಲ್ಲಿ ನೋವಿನ ಅರಿವು ಏಕೆ ಹೋಗುತ್ತದೆಂದು ಚಿತ್ರವೇ ಹೇಳುತ್ತದೆ. ಸ್ಪರ್ಶವಲಯಗಳನ್ನು ತನ್ನ ಮೈಮೇಲೆಯೇ ಬೆರಳಿಟ್ಟು ಕಲಿಯಲು ಹೇಳಿದೆ: ಕುತ್ತಿಗೆಯ ಖಂಡಗಳಲ್ಲಿ ಹೆಬ್ಬೆರಳು ಸಿ-6, ನಡುಬೆರಳು ಸಿ-7, ಕಿರುಬೆರಳು ಸಿ-8. ತಂದೆಯ ಮೈಮೇಲೆ ಅಭ್ಯಾಸ ಮಾಡಬಾರದು ಎಂಬುದನ್ನೂ ಸ್ಪಷ್ಟವಾಗಿ ಹೇಳಿದೆ. ಮನೆಯಲ್ಲಿ ಅವರು ತಂದೆಯಾಗಿಯೇ ಇರಬೇಕು.

ಓದು ನೇರವಾಗಿ ನೆಮ್ಮದಿ ಕೊಟ್ಟ ಸಂದರ್ಭವೂ ಒಂದಿದೆ. ಬೆನ್ನುಹುರಿ ಗಾಯದವರಿಗೆ ತಲೆನೋವು ಬಂದರೆ ಅಪಾಯ ಎಂದು ಎಲ್ಲೋ ಕೇಳಿದ್ದ ಆಕೆ, ತಂದೆ ತಲೆ ಹಿಡಿದುಕೊಂಡಾಗಲೆಲ್ಲ ರಾತ್ರಿ ಎದ್ದು ರಕ್ತದೊತ್ತಡ ನೋಡುತ್ತಿದ್ದಳು. ಮೂತ್ರಚೀಲ ತುಂಬಿದಾಗ ಅಥವಾ ಕ್ಯಾತೆಟರ್ ಕಟ್ಟಿಕೊಂಡಾಗ ರಕ್ತದೊತ್ತಡ ಹಠಾತ್ತನೆ ಏರುವ ಆ ತುರ್ತುಸ್ಥಿತಿ ಮುಖ್ಯವಾಗಿ ಟಿ-6 ಮತ್ತು ಅದಕ್ಕಿಂತ ಮೇಲಿನ ಗಾಯಗಳಲ್ಲಿ ಬರುತ್ತದೆ. ತಂದೆಯದು ಅದಕ್ಕಿಂತ ಬಹಳ ಕೆಳಗಿನದು. ತಲೆನೋವು ನಿಲ್ಲದಿದ್ದರೆ ಎಲ್ಲರಂತೆ ಅವರನ್ನೂ ವೈದ್ಯರಿಗೆ ತೋರಿಸಬೇಕು, ಆದರೆ ಪ್ರತಿ ರಾತ್ರಿಯ ಕಾವಲು ಬೇಕಿಲ್ಲ.

ಬಿದ್ದ ದೃಶ್ಯ ಮತ್ತೆ ಮತ್ತೆ ಕನಸಿನಲ್ಲಿ ಬರುತ್ತಿದ್ದುದರಿಂದ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರ ಬಳಿಗೂ ಕಳುಹಿಸಿದೆ; ನಡುರಾತ್ರಿಯಲ್ಲಿ ಸಹಿಸಲಾಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಬಹುದೆಂದು ತಿಳಿಸಿದೆ. ಪರೀಕ್ಷಾ ಕೊಠಡಿಯಲ್ಲಿ ಆ ಪ್ರಶ್ನೆ ಕಂಡು ಎದೆ ಬಡಿದುಕೊಂಡರೆ, ಬೇರೆ ಉತ್ತರ ಮುಗಿಸಿ ಅಡ್ಡಕೊಯ್ತದ ಚಿತ್ರದಿಂದಲೇ ಇದನ್ನು ಶುರುಮಾಡುವುದೆಂದು ಮೊದಲೇ ನಿಶ್ಚಯಿಸಿಕೊಂಡೆವು.

ಪೂರಕ ಪರೀಕ್ಷೆಯಲ್ಲಿ ಆಕೆ ಸಾಧಾರಣ ಅಂಕಗಳಿಂದ ತೇರ್ಗಡೆಯಾದಳು. ಲಾಗ್ ರೋಲ್ ಪ್ರಾತ್ಯಕ್ಷಿಕೆಗೆ ಮಾತ್ರ ಇನ್ನೂ ನಿಲ್ಲಲಾಗುತ್ತಿಲ್ಲ. ಮೊದಲು ಬಾಗಿಲ ಬಳಿ ನಿಂತು ನೋಡುವುದು, ಆಮೇಲೆ ಕಾಲಿನ ಕಡೆಯಲ್ಲದೆ ಸೊಂಟದ ಕಡೆಯವರಾಗಿ ಸೇರುವುದು, ಕೊನೆಗೆ ತಲೆ ಹಿಡಿದು ಎಣಿಕೆ ಹೇಳುವವರ ಜಾಗಕ್ಕೆ ಬರುವುದು ಎಂದು ಅಧ್ಯಾಪಕಿಯೊಂದಿಗೆ ಕೂತು ಕ್ರಮ ಗೊತ್ತುಮಾಡಿದ್ದೇವೆ. ಆಕೆ ಸಾಕು ಎಂದ ಕಡೆ ನಿಲ್ಲಿಸಲು ಅವರು ಒಪ್ಪಿದ್ದಾರೆ.