ಸಿ ಡ್ರೈವ್ ಅಳಿಸದೆ ಉಬುಂಟುಗೆ ಜಾಗ ಮಾಡಿಕೊಳ್ಳಬಹುದಾ?

ನಿಮ್ಮದು ವಿಂಡೋಸ್ 11 ಜತೆಗೇ ಬಂದ ಲ್ಯಾಪ್‌ಟಾಪ್, 512 ಜಿಬಿ ಎಸ್‌ಎಸ್‌ಡಿ, ಇರುವುದು ಸಿ ಡ್ರೈವ್ ಒಂದೇ. ವಿಂಡೋಸ್ ಉಳಿಸಿಕೊಂಡೇ ಅದರ ಪಕ್ಕ ಉಬುಂಟು ಎಂಬ ಲಿನಕ್ಸ್ ಆಪರೇಟಿಂಗ್ ಸಿಸ್ಟಮ್ (ಓಎಸ್) ಹಾಕಲು 100 ಜಿಬಿ ಬೇಕು ಅಂದುಕೊಂಡಿದ್ದೀರಿ. ಅರ್ಧಕ್ಕಿಂತ ಜಾಸ್ತಿ ಖಾಲಿ ಇದ್ದರೂ ಡಿಸ್ಕ್ ಮ್ಯಾನೇಜ್‌ಮೆಂಟಿನ 'ಶ್ರಿಂಕ್ ವಾಲ್ಯೂಮ್' (ಡ್ರೈವ್ ಕುಗ್ಗಿಸುವ ಆಯ್ಕೆ) 18 ಜಿಬಿಗಿಂತ ಹೆಚ್ಚು ಕುಗ್ಗಿಸಲು ಬಿಡುತ್ತಿಲ್ಲ. ಎಲ್ಲಾ ಅಳಿಸಿ ಹೊಸದಾಗಿ ಹಾಕು ಅಂತ ಗೆಳೆಯರು ಹೇಳಿದ್ದಾರೆ, ಅದೇ ದಾರಿಯಾ ಅಂತ ಕೇಳಿದ್ದೀರಿ.

ಅಲ್ಲ. ಸುಮ್ನೆ ಎರಡು ದಿನದ ಕೆಲಸ ಮೈಮೇಲೆ ಎಳೆದುಕೊಳ್ಳಬೇಡಿ.

ಖಾಲಿ ಜಾಗ ಎಷ್ಟಿದೆ ಅನ್ನುವುದು ಇಲ್ಲಿ ಮುಖ್ಯವಲ್ಲ, ಅದು ಎಲ್ಲಿದೆ ಅನ್ನುವುದು ಮುಖ್ಯ. ವಿಂಡೋಸ್ ಸಿ ಡ್ರೈವನ್ನು ಕೊನೆಯ ತುದಿಯಿಂದ ಕತ್ತರಿಸುತ್ತದೆ. ಆ ಕಡೆ ಅಲುಗಾಡಿಸಲಾಗದ ಫೈಲು ಒಂದಿದ್ದರೂ ಅಲ್ಲಿಗೇ ನಿಲ್ಲುತ್ತದೆ. ಸೈಟು ಪಾಲು ಮಾಡುವಾಗ ಹಿಂದಿನ ಬೇಲಿ ಹತ್ತಿರವೇ ಬಾವಿ ಇದ್ದ ಹಾಗೆ. ಮುಂದೆ ಎಷ್ಟೇ ಬಯಲಿದ್ದರೂ ಗೆರೆ ಬಾವಿ ದಾಟಿ ಬರುವುದಿಲ್ಲ.

ಈ ಬಾವಿಗಳು ಸಾಮಾನ್ಯವಾಗಿ ಮೂರು: ಹೈಬರ್ನೇಶನ್ ಫೈಲು (ಹೈಬರ್ನೇಟ್ ಆಗುವಾಗ ಮೆಮೊರಿಯಲ್ಲಿದ್ದದ್ದನ್ನು ಬರೆದಿಡುವುದು), ಪೇಜ್ ಫೈಲು (ಮೆಮೊರಿ ಸಾಲದಾಗ ಡಿಸ್ಕಿನಲ್ಲಿ ಬಳಸುವುದು), ಸಿಸ್ಟಮ್ ರಿಸ್ಟೋರ್ ಇಟ್ಟುಕೊಂಡ ಹಳೆ ಪ್ರತಿಗಳು. ಮೂರನ್ನೂ ಸ್ವಲ್ಪ ಹೊತ್ತಿಗೆ ನಿಲ್ಲಿಸಬಹುದು. ಅಡ್ಮಿನಿಸ್ಟ್ರೇಟರ್ ಆಗಿ ಕಮಾಂಡ್ ಪ್ರಾಂಪ್ಟ್ ತೆರೆದು 'ಪವರ್‌ಸಿಎಫ್‌ಜಿ', ಸ್ಪೇಸ್, 'ಸ್ಲ್ಯಾಶ್ ಎಚ್', ಸ್ಪೇಸ್, 'ಆಫ್' ಎಂದು ಇಂಗ್ಲಿಷಿನಲ್ಲಿ ಟೈಪ್ ಮಾಡಿದರೆ ಹೈಬರ್ನೇಶನ್ ಹೋಗುತ್ತದೆ. ಅದರ ಜತೆ ಫಾಸ್ಟ್ ಸ್ಟಾರ್ಟಪ್ ಕೂಡ ಹೋಗುತ್ತದೆ, ಅದು ಹೋಗಲೇಬೇಕು. ಅದು ಇದ್ದರೆ ಶಟ್‌ಡೌನ್ ಮಾಡಿದರೂ ವಿಂಡೋಸ್ ಪೂರ್ತಿ ಮಲಗಿರುವುದಿಲ್ಲ, ಉಬುಂಟುವಿನಿಂದ ಸಿ ಡ್ರೈವಿಗೆ ಏನೂ ಬರೆಯಲು ಆಗುವುದಿಲ್ಲ. ಆಮೇಲೆ ವರ್ಚುವಲ್ ಮೆಮೊರಿಯಲ್ಲಿ 'ನೋ ಪೇಜಿಂಗ್ ಫೈಲ್' ಆರಿಸಿ, ಸಿಸ್ಟಮ್ ಪ್ರೊಟೆಕ್ಷನ್ ಆಫ್ ಮಾಡಿ. ಹಳೆ ರಿಸ್ಟೋರ್ ಪಾಯಿಂಟುಗಳು ಅಳಿಸಿಹೋಗುತ್ತವೆ, ಗೊತ್ತಿರಲಿ. ರೀಸ್ಟಾರ್ಟ್ ಮಾಡಿ ಮತ್ತೆ ಶ್ರಿಂಕ್ ಒತ್ತಿ ನೋಡಿ. ಹೆಚ್ಚಿನವರಿಗೆ ಇಲ್ಲಿಗೇ ಕೆಲಸ ಮುಗಿಯುತ್ತದೆ.

ಆಗಲೂ ಬಿಡದಿದ್ದರೆ ಊಹೆ ಮಾಡುತ್ತಾ ಕೂರಬೇಡಿ. ಈವೆಂಟ್ ವ್ಯೂವರ್ ತೆರೆದು ಅಪ್ಲಿಕೇಶನ್ ಲಾಗ್‌ನಲ್ಲಿ 259 ಎಂಬ ಈವೆಂಟ್ ಹುಡುಕಿ. ಅಡ್ಡ ಬಂದ ಫೈಲು ಯಾವುದು ಅಂತ ವಿಂಡೋಸೇ ಅಲ್ಲಿ ಹೆಸರು ಬರೆದಿಟ್ಟಿರುತ್ತದೆ. ಇಷ್ಟು ಉಪಯೋಗದ ಮಾಹಿತಿಯನ್ನು ಯಾಕೆ ಅಷ್ಟು ಒಳಗೆ ಬಚ್ಚಿಟ್ಟಿದ್ದಾರೋ! ಉಬುಂಟು ಪೆನ್‌ಡ್ರೈವಿನಿಂದ ಬೂಟ್ ಮಾಡಿ, ಡಿಸ್ಕ್ ಭಾಗ ಮಾಡುವ ಸಾಧನವಾದ ಜಿಪಾರ್ಟೆಡ್‌ನಲ್ಲೂ ಸಿ ಡ್ರೈವ್ ಕುಗ್ಗಿಸಬಹುದು. ಆದರೆ ವಿಂಡೋಸಿನ ಪಾರ್ಟಿಶನ್ (ಡಿಸ್ಕಿನ ಭಾಗ) ಅನ್ನು ವಿಂಡೋಸೇ ಕುಗ್ಗಿಸಲಿ ಅನ್ನುವವನು ನಾನು. ಜಿಪಾರ್ಟೆಡ್ ಕೊನೆಯ ಉಪಾಯ.

ಇದಕ್ಕೆಲ್ಲ ಮೊದಲು ಒಂದು ಕೆಲಸ ಇದೆ. ಸೆಟ್ಟಿಂಗ್ಸ್‌ನಲ್ಲಿ 'ಡಿವೈಸ್ ಎನ್‌ಕ್ರಿಪ್ಶನ್' (ಡಿಸ್ಕಿಗೆ ಬೀಗ ಹಾಕುವ ವ್ಯವಸ್ಥೆ) ಆನ್ ಇದೆಯಾ ನೋಡಿ. ಮೈಕ್ರೋಸಾಫ್ಟ್ ಅಕೌಂಟಿನಿಂದ ಲಾಗಿನ್ ಆದ ಬಹಳ ಲ್ಯಾಪ್‌ಟಾಪ್‌ಗಳಲ್ಲಿ ಅದು ಕೇಳದೆಯೇ ಆನ್ ಆಗಿರುತ್ತದೆ, ಹೋಮ್ ಎಡಿಶನ್‌ನಲ್ಲೂ. ಬೂಟ್ ಆಗುವ ಕ್ರಮ ಬದಲಾದರೆ ಯಾರೋ ಕೈ ಹಾಕಿದ್ದಾರೆ ಅಂದುಕೊಂಡು ಅದು 48 ಅಂಕಿಯ ರಿಕವರಿ ಕೀ ಕೇಳಬಹುದು. ಕೀ ಇಲ್ಲದಿದ್ದರೆ ನಿಮ್ಮ ಫೋಟೋಗಳಿಗೆ ನೀವೇ ಹೊರಗಿನವರು. ಅಕೌಂಟಿನಲ್ಲಿ ಆ ಕೀ ಇರುತ್ತದೆ, ಕಾಗದದ ಮೇಲೆ ಬರೆದಿಟ್ಟುಕೊಳ್ಳಿ. ಮುಖ್ಯ ಫೈಲುಗಳನ್ನು ಹೊರಗಿನ ಡ್ರೈವಿಗೂ ಕಾಪಿ ಮಾಡಿ.

ಎಷ್ಟು ಜಾಗ ಅಂದರೆ, ಉಬುಂಟು ಕನಿಷ್ಠ 25 ಜಿಬಿ ಕೇಳುತ್ತದೆ. ಕಲಿಯುವುದಕ್ಕೆ 60 ಸಾಕು, ದಿನವೂ ಬಳಸುವುದಾದರೆ ನೀವು ಅಂದುಕೊಂಡ 100 ಸರಿ. ಶ್ರಿಂಕ್ ಪೆಟ್ಟಿಗೆ ಎಂಬಿ ಲೆಕ್ಕ ಕೇಳುವುದರಿಂದ 102400 ಅಂತ ಹಾಕಿ. ಆಮೇಲೆ ಸಿಗುವ 'ಅನ್‌ಅಲೊಕೇಟೆಡ್' ಜಾಗವನ್ನು ಹಾಗೇ ಬಿಡಿ. ಅದರಲ್ಲಿ ಡಿ ಡ್ರೈವ್ ಮಾಡಬೇಡಿ. ಆಫ್ ಮಾಡಿದ್ದ ಪೇಜ್ ಫೈಲು, ಸಿಸ್ಟಮ್ ಪ್ರೊಟೆಕ್ಷನ್ ಎರಡನ್ನೂ ಮತ್ತೆ ಆನ್ ಮಾಡಿ.

ಇನ್‌ಸ್ಟಾಲ್ ಮಾಡುವಾಗ ನಾನು ಮ್ಯಾನುಯಲ್ ಪಾರ್ಟಿಶನ್ನೇ ಆರಿಸುತ್ತೇನೆ. ಖಾಲಿ ಜಾಗದಲ್ಲಿ ಲಿನಕ್ಸಿನ ಫೈಲ್ ವ್ಯವಸ್ಥೆಯಾದ ಇಎಕ್ಸ್‌ಟಿ4 ಪಾರ್ಟಿಶನ್ ಒಂದು, ಮೌಂಟ್ ಪಾಯಿಂಟ್ (ಉಬುಂಟುವಿನಲ್ಲಿ ಅದು ಕೂರುವ ಸ್ಥಾನ) ಸ್ಲ್ಯಾಶ್, ಅಂದರೆ /, ಅಷ್ಟೇ. ಮೆಮೊರಿ ಸಾಲದಾಗ ಬಳಸುವ ಸ್ವಾಪ್ ಪಾರ್ಟಿಶನ್ ಬೇಕಿಲ್ಲ, 17.04 ಆವೃತ್ತಿಯಿಂದ ಉಬುಂಟು ಸ್ವಾಪ್ ಫೈಲನ್ನೇ ಬಳಸುತ್ತಿದೆ. ನಿಮ್ಮ ಫೈಲುಗಳಿರುವ 'ಹೋಮ್' ಬೇರೆ ಪಾರ್ಟಿಶನ್ ಮಾಡಿ ಅಂತ ತುಂಬಾ ಜನ ಹೇಳುತ್ತಾರೆ. 100 ಜಿಬಿಯಲ್ಲಿ ಅದೂ ಬೇಡ, ಒಂದು ಕಡೆ ತುಂಬಿ ಇನ್ನೊಂದು ಕಡೆ ಖಾಲಿ ಬಿದ್ದಿರುತ್ತದೆ. ವಿಂಡೋಸಿನ ಪಾರ್ಟಿಶನ್‌ಗಳ ಜತೆ ಮುಟ್ಟಬಾರದ್ದು ಇನ್ನೊಂದು: ಫ್ಯಾಟ್32 ಎಂದು ತೋರಿಸುವ, ಬೂಟ್ ಫೈಲುಗಳಿರುವ ಚಿಕ್ಕ ಇಎಫ್‌ಐ ಪಾರ್ಟಿಶನ್, ಬಹಳ ಕಡೆ 100 ಎಂಬಿ ಇರುತ್ತದೆ. ಎರಡೂ ಓಎಸ್‌ಗಳು ಅದನ್ನು ಹಂಚಿಕೊಳ್ಳುತ್ತವೆ. ಅದನ್ನು ಫಾರ್ಮ್ಯಾಟ್ ಮಾಡಿದರೆ ವಿಂಡೋಸ್ ಬೂಟ್ ಆಗುವುದಿಲ್ಲ.

ಇನ್‌ಸ್ಟಾಲರಿಗೆ ಡಿಸ್ಕೇ ಕಾಣದಿದ್ದರೆ ಬಯಾಸ್‌ನಲ್ಲಿ ಇಂಟೆಲ್ ಆರ್‌ಎಸ್‌ಟಿ ಅಥವಾ ವಿಎಂಡಿ (ಇಂಟೆಲ್‌ನ ಡಿಸ್ಕ್ ನಿರ್ವಹಣಾ ವ್ಯವಸ್ಥೆಗಳು) ಆನ್ ಇರಬಹುದು. ಅದನ್ನು ದಿಢೀರನೆ ಬದಲಾಯಿಸಬೇಡಿ, ವಿಂಡೋಸ್ ನೀಲಿ ಪರದೆ ತೋರಿಸಿ ನಿಲ್ಲಬಹುದು. ಮೊದಲು ವಿಂಡೋಸನ್ನು ಸೇಫ್ ಮೋಡಿಗೆ ಹೊಂದಿಸಿ, ಆಮೇಲೆ ಬದಲಾಯಿಸಿ, ಒಮ್ಮೆ ಸೇಫ್ ಮೋಡಿನಲ್ಲಿ ಬೂಟ್ ಮಾಡಿ.

ಎಲ್ಲ ಮುಗಿದ ಮೇಲೆ ವಿಂಡೋಸಿನ ಗಡಿಯಾರ ಐದೂವರೆ ಗಂಟೆ ಹಿಂದೆ ಹೋದರೆ ಗಾಬರಿ ಬೇಡ. ಮದರ್‌ಬೋರ್ಡಿನ ಗಡಿಯಾರದಲ್ಲಿ ಉಬುಂಟು ಯುಟಿಸಿ (ಅಂತಾರಾಷ್ಟ್ರೀಯ ಸಮಯ) ಇಡುತ್ತದೆ, ವಿಂಡೋಸ್ ಅದನ್ನೇ ನಮ್ಮ ಸಮಯ ಅಂದುಕೊಳ್ಳುತ್ತದೆ. ಉಬುಂಟು ಟರ್ಮಿನಲ್‌ನಲ್ಲಿ 'ಟೈಮ್‌ಡೇಟ್‌ಸಿಟಿಎಲ್ ಸೆಟ್-ಲೋಕಲ್-ಆರ್‌ಟಿಸಿ 1' ಎಂಬ ಕಮಾಂಡನ್ನು ಇಂಗ್ಲಿಷಿನಲ್ಲಿ ಕೊಟ್ಟರೆ ಸರಿಹೋಗುತ್ತದೆ.